205 ವರ್ಷ ಬದುಕೋ ರಫ್‌ಐ ರಾಕ್‌ಫಿಶ್ ಬಗ್ಗೆ ಗೊತ್ತಿರೋರು ಹೇಳಿ

ಕಡಲಹುಚ್ಚಿ: ಅಲಾಸ್ಕಾ ಕಡೆ ಆಳದಲ್ಲಿರೋ ಈ ಮೀನು 205 ವರ್ಷದವರೆಗೂ ಬದುಕಿದ್ದು ಸಿಕ್ಕಿದೆ ಅಂತ ಓದಿದೆ, ನಿಜಾನಾ? ಅದರ ವಯಸ್ಸು ಹೆಂಗೆ ಕಂಡುಹಿಡೀತಾರೆ? ಹಿಡಿದು ವಾಪಸ್ ಬಿಟ್ರೆ ಉಳಿಯುತ್ತಾ?

ಆಳನೀರು: ನಿಜಾನೇ. ಕಿವಿಯೊಳಗೆ ಓಟೋಲಿತ್ ಅನ್ನೋ ಪುಟ್ಟ ಕಲ್ಲು ಇರುತ್ತೆ, ಮರದ ಕಾಂಡದ ಥರ ವರ್ಷಕ್ಕೊಂದು ಉಂಗುರ ಬೆಳೆಯುತ್ತೆ, ಅದನ್ನ ಮುರಿದು ಸ್ವಲ್ಪ ಸುಟ್ಟು ಮೈಕ್ರೋಸ್ಕೋಪಲ್ಲಿ ಎಣಿಸ್ತಾರೆ. ಹೆಚ್ಚಾಗಿ 150ರಿಂದ 450 ಮೀಟರ್ ಆಳದಲ್ಲಿ, ಬಂಡೆ ತುಂಬಿರೋ ಕಡಿದಾದ ಇಳಿಜಾರಲ್ಲಿ ತಳದ ಹತ್ರಾನೇ ಇರುತ್ತೆ, ಸೀಗಡಿ ಮುಖ್ಯ ಊಟ. ಕಣ್ಣಿನ ಕೆಳಗೆ ಸಾಲಾಗಿ ಮುಳ್ಳು ಇರುತ್ತೆ. ಮೊದಲು ಒಂದೇ ಪ್ರಭೇದ ಅಂದ್ಕೊಂಡಿದ್ರು, 2008ರಲ್ಲಿ ಬ್ಲ್ಯಾಕ್‌ಸ್ಪಾಟೆಡ್ ಅಂತ ಇನ್ನೊಂದನ್ನ ಬೇರೆ ಮಾಡಿದ್ರು, ನೋಡೋಕೆ ಎರಡೂ ಒಂದೇ ಥರ, ಹಂಗಾಗಿ ಹಳೇ ಡೇಟಾ ಎಲ್ಲಾ ಕಲಸಿಹೋಗಿದೆ.

ತೇಜು_ಬಯಾಲಜಿ: ಬಿಡೋ ವಿಷಯಕ್ಕೆ ಬರ್ತೀನಿ, ಇದೇ ನನಗೆ ತುಂಬ ಮುಖ್ಯ ಅನ್ಸೋದು. ಮೇಲಕ್ಕೆ ಎಳೀತಿದ್ದಂಗೆ ಒತ್ತಡ ಕಮ್ಮಿಯಾಗಿ ಗಾಳಿಚೀಲ ಊದಿಕೊಳ್ಳುತ್ತೆ, ಕಣ್ಣು ಹೊರಗೆ ಬರುತ್ತೆ, ಹೊಟ್ಟೆ ಬಾಯಿಗೆ ಬರುತ್ತೆ, ಸುಮ್ನೆ ನೀರಿಗೆ ಬಿಟ್ರೆ ತೇಲ್ತಾನೇ ಸಾಯುತ್ತೆ. ಅದಕ್ಕೇ ಭಾರ ಕಟ್ಟಿದ ಸಾಧನದಲ್ಲಿ ಆಳಕ್ಕೆ ಇಳಿಸಿ ಬಿಡ್ತಾರೆ, ರಾಕ್‌ಫಿಶ್‌ಗಳಲ್ಲಿ ಎಷ್ಟೋ ಬದುಕಿಕೊಳ್ಳುತ್ವೆ. ಇವು ಮೊಟ್ಟೆ ಇಡಲ್ಲ, ಮರಿಗಳನ್ನೇ ಹಾಕ್ತವೆ, ಆದ್ರೆ ಪ್ರಾಯಕ್ಕೆ ಬರೋಕೇ ಸುಮಾರು 20 ವರ್ಷ ಬೇಕು! ದೊಡ್ಡ ಹೆಣ್ಣು ಮೀನು ಜಾಸ್ತಿ ಮರಿ ಹಾಕುತ್ತೆ, ಅಂಥದ್ದನ್ನೇ ಹಿಡಿದು ಹಾಕಿದ್ರೆ ಆ ಜಾಗ ಮತ್ತೆ ತುಂಬೋಕೆ ದಶಕಗಳೇ ಹಿಡಿಯುತ್ತೆ.

ಕಡಲಹುಚ್ಚಿ: ಥ್ಯಾಂಕ್ಸ್ ಇಬ್ರಿಗೂ, ಮರಿ ಹಾಕೋದು ಗೊತ್ತೇ ಇರಲಿಲ್ಲ. ಆ ಮರಿಗಳು ಮೊದಲು ಎಲ್ಲಿರ್ತವೆ, ತಳದಲ್ಲೇನಾ?

ಆಳನೀರು: ಇಲ್ಲ, ಮೊದಲು ಮೇಲಿನ ನೀರಲ್ಲಿ ತೇಲ್ತಾ ಇರ್ತವೆ, ಆಮೇಲೆ ತಳಕ್ಕೆ ಇಳೀತವೆ.