ಮರಳುಗಾಡಿನ ಫೋಟೋ ಪ್ರಿಂಟ್ ಬಗ್ಗೆ ಬರೆಯಬೇಕು: ಚಿತ್ರದ ರಚನೆಯಿಂದ ಶುರು ಮಾಡಲೋ, ಭಾವದಿಂದಲೋ?

ಹೊಸಕಣ್ಣು:
ಕಪ್ಪು-ಬಿಳುಪಿನ ಮರಳುದಿಬ್ಬದ ಪ್ರಿಂಟ್. ದಿಗಂತ ಮೇಲಂಚಿಗೆ ಹತ್ತಿರ. ದಿಬ್ಬದ ಅಂಚು ಎಡಮೂಲೆಯಿಂದ ಹಾವಿನಂತೆ ಮೇಲೇರುತ್ತೆ, ಬಲಕ್ಕೆ ಉದ್ದನೆಯ ಕಡುಗಪ್ಪು ನೆರಳು. ಮನುಷ್ಯರಿಲ್ಲ. ಒಂದು ಪುಟ ಬರೆಯಬೇಕು. ಬರೆದು ಅನುಭವ ಇರೋರು ಹೇಳಿ.

ದಿಗಂತ:
ಇಂಥದ್ದೇ ಬೇರೊಂದು ಪ್ರಿಂಟ್ ಬಗ್ಗೆ ಭಾವದಿಂದ ಶುರು ಮಾಡಿ ನಾನು ಕೆಟ್ಟೆ. ಮೊದಲ ಸಾಲಲ್ಲೇ "ಒಂಟಿತನ" ಅಂತ ಬರೆದಿದ್ದೆ. ತಿದ್ದಿದವರು ಕೆಂಪು ಗೆರೆ ಎಳೆದು "ಚಿತ್ರದಲ್ಲಿ ಎಲ್ಲಿದೆ?" ಅಂತ ಕೇಳಿದರು. ನಾಲ್ಕು ಸಲ ಹೊಸದಾಗಿ ಬರೆದೆ, ಆರು ವಾರ ಹೋಯ್ತು. ಕೊನೆಗೆ ಪ್ರಿಂಟನ್ನು ತಲೆಕೆಳಗು ಮಾಡಿ ನೋಡಿದೆ. ಆಗ ಕಣ್ಣಿಗೆ ಬಿತ್ತು: ನೆಟ್ಟಗಿಟ್ಟಾಗ ದಿಗಂತ ತೀರಾ ಕೆಳಗೆ, ಮುಕ್ಕಾಲು ಪಾಲು ಖಾಲಿ ಆಕಾಶ; ಉಸಿರಾಡೋಕೆ ಎಷ್ಟು ಬೇಕಾದರೂ ಜಾಗ ಇತ್ತು. ಒಂಟಿತನ ನಾನೇ ಹೊತ್ತು ತಂದಿದ್ದು.

ಕತ್ತಲಕೋಣೆ:
ಎಲ್ಲರೂ ಗೆರೆ ಹುಡುಕ್ತಾರೆ, ಟೋನ್ ಬಗ್ಗೆ, ಅಂದರೆ ಕಪ್ಪು-ಬಿಳುಪಿನ ಹದದ ಬಗ್ಗೆ, ಒಬ್ಬರೂ ಬಾಯಿ ಬಿಡಲ್ಲ. ಇಂಥದ್ದೇ ಒಂದು ನೆಗೆಟಿವ್‌ನಿಂದ ಪ್ರಿಂಟ್ ತೆಗೆಯೋಕೆ ನಾನು 17 ಹಾಳೆ ಕಳೆದೆ. ಮೊದಲ 9ರಲ್ಲಿ ನೆರಳೊಳಗಿನ ಅಲೆ ಕಾಣಲಿ ಅಂತ ಡಾಡ್ಜ್ ಮಾಡಿದೆ (ಆ ಭಾಗಕ್ಕೆ ಬೀಳುವ ಬೆಳಕು ತಡೆದು ತಿಳಿಯಾಗಿಸೋದು), ಚಿತ್ರ ಸಪ್ಪೆ. ಕಾಂಟ್ರಾಸ್ಟ್ ಏರಿಸಿದೆ, ಬಿಸಿಲು ಬಿದ್ದ ಕಡೆ ಮರಳೇ ಮಾಯ, ಬರೀ ಬಿಳಿ ಕಾಗದ. 14ನೆಯದು ಒದ್ದೆ ಇದ್ದಾಗ ಚೆನ್ನಾಗಿತ್ತು, ಒಣಗಿದ ಮೇಲೆ ಮಂಕಾಯ್ತು. ಕಡೆಗೆ ನೆರಳನ್ನು ಪೂರ್ತಿ ಕಪ್ಪಾಗಲು ಬಿಟ್ಟೆ. ಅದೇ ದಿಬ್ಬ ನೋಡಿ ಎದೆ ಝಲ್ಲೆಂದಿತು. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡಿಸ್‌ನಲ್ಲಿ ತೆಗೆದ ಚಂದ್ರೋದಯವನ್ನೇ ನೋಡಿ. ಮೊದಮೊದಲ ಪ್ರಿಂಟ್‌ಗಳಲ್ಲಿ ಆಕಾಶ ತಿಳಿ, ಮೋಡದ ಎಳೆಗಳಿವೆ. ಮುಂದಿನ ವರ್ಷಗಳವುಗಳಲ್ಲಿ ಬಹುತೇಕ ಕಪ್ಪು. ಒಂದು ಗೆರೆಯೂ ಕದಲಿಲ್ಲ, ಭಾವ ಬದಲಾಯ್ತು.

ದಿಗಂತ:
ಅದು ಪ್ರಿಂಟ್ ಮಾಡಿದವರ ಪಾಡು. ನೋಡುವವರ ಕೈಲಿರೋದು ಒಂದೇ ಪ್ರತಿ ರೀ.

ಕತ್ತಲಕೋಣೆ:
ಆ ಒಂದು ಪ್ರತಿಯಲ್ಲೇ ಕಪ್ಪು ಎಷ್ಟಿದೆ ಅಂತ ನೋಡಿ ಅಂದೆ. ಆರು ವಾರ ನೀವು ನೋಡದೆ ಬಿಟ್ಟಿದ್ದು ಅದನ್ನೇ.

ಗಾಳಿಮರೆ:
ಇಬ್ಬರೂ ನೆಲ ಮರೆತಿರಿ. ಗಾಳಿ ಬೀಸಿ ಬರುವ ಕಡೆ ದಿಬ್ಬದ ಇಳಿಜಾರು ಮಂದ, ಮರೆಯ ಕಡೆ ಕಡಿದು. ಒಣಮರಳು ಸುಮಾರು 34 ಡಿಗ್ರಿ ದಾಟಿದರೆ ನಿಲ್ಲಲ್ಲ, ಜಾರುತ್ತೆ. ಕತ್ತಿಯಂಥ ಅಂಚು ಬರೋದೇ ಹಾಗೆ. ನಾನು ಒಂದು ಪ್ರಿಂಟ್ ಬಗ್ಗೆ "ನಿಶ್ಚಲ, ಶಾಂತ" ಅಂತ ಬರೆದೆ, ಅಚ್ಚಾಯ್ತು. ಆಮೇಲೆ ಅಂಚಿನ ಮೇಲೆ ಹೊಗೆಯಂಥದ್ದು ಕಂಡಿತು. ಹಾರ್ತಾ ಇದ್ದ ಮರಳು! ಆ ಸಾಲು ಇವತ್ತಿಗೂ ಚುಚ್ಚುತ್ತೆ.

ಕತ್ತಲಕೋಣೆ:
ಪ್ರಿಂಟ್ ಮೇಲೆ ಕೋನಮಾಪಕ ಇಡಬೇಡಿ. ಕ್ಯಾಮೆರಾ ನಿಂತ ಜಾಗ ಬದಲಾದರೆ ಇಳಿಜಾರೂ ಬೇರೆ ಥರ ಕಾಣುತ್ತೆ.

ಗಾಳಿಮರೆ:
ಅಳೆಯಿರಿ ಅಂತ ಎಲ್ಲಿ ಹೇಳಿದೆ ಸರ್? ಓದಿ ಉತ್ತರ ಕೊಡಿ.

ದಿಗಂತ:
ಅಷ್ಟುದ್ದ ನೆರಳಿದ್ದರೆ ಮುಂಜಾವು. ಅದನ್ನಾದರೂ ಧೈರ್ಯವಾಗಿ ಬರೀಬಹುದು.

ಗಾಳಿಮರೆ:
ಸೂರ್ಯ ಕೆಳಗಿದ್ದಾನೆ ಅಂತ ಬರೀಬಹುದು, ಅಷ್ಟೇ. ದಿಕ್ಕು ಗೊತ್ತಿಲ್ಲದೆ ಮುಂಜಾವು ಅಂತ ಹೇಗೆ ಹೇಳ್ತೀರಿ?

ಹೊಸಕಣ್ಣು:
ಫ್ರೇಮಿನ ಗಾಜು ತೆಗೆದು ನೋಡಿದೆ. ನನ್ನದರಲ್ಲೂ ಅಂಚಿನ ಮೇಲೆ ತೆಳ್ಳಗೆ ಹೊಗೆಯಂಥದ್ದು ಇದೆ. ಇಷ್ಟು ದಿನ ಗಾಜಿನ ಕಲೆ ಅಂದ್ಕೊಂಡಿದ್ದೆ.