ಊರಿನ ಫುಟ್‌ಬಾಲ್ ಕಪ್‌ಗೆ ಮೊಬೈಲ್ ವಿಡಿಯೊ ನೋಡಿ ತೀರ್ಪು ಕೊಡಬಹುದಾ?

ಮಂಡ್ಯ ಹಾಫ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಾವು ಒಂದಷ್ಟು ಗೆಳೆಯರು ಸೇರಿ ವರ್ಷಕ್ಕೊಮ್ಮೆ ಸೆವೆನ್ಸ್ (ತಂಡಕ್ಕೆ ಏಳು ಜನ ಆಡುವ ಫುಟ್‌ಬಾಲ್) ಟೂರ್ನಿ ನಡೆಸುತ್ತೇವೆ. ಎಂಟು ತಂಡ, ಎರಡು ದಿನ. ಕಳೆದ ಭಾನುವಾರ ಫೈನಲ್ ಇತ್ತು. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

1-1 ಇತ್ತು, ಮುಗಿಯೋಕೆ ನಾಲ್ಕು ನಿಮಿಷ. ಕಾರ್ನರ್ ಬಂತು, ಒಬ್ಬ ಹೆಡ್ ಮಾಡಿದ, ಚೆಂಡು ಬಾರ್‌ಗೆ ಬಡಿದು ನೇರ ಕೆಳಗೆ ಬಿತ್ತು, ಕೀಪರ್ ಮಲಗಿಕೊಂಡೇ ಎದೆಗೆ ಎಳೆದುಕೊಂಡ. ಒಳಗೆ ಬಿತ್ತಾ, ಗೆರೆ ಮೇಲೆ ಬಿತ್ತಾ? ಬೆಳಗ್ಗೆ ನಾವೇ ಹಾಕಿದ್ದ ಸುಣ್ಣದ ಗೆರೆ ಅಷ್ಟು ಹೊತ್ತಿಗೆ ಕಾಲಿಗೆ ಸಿಕ್ಕಿ ಅಳಿಸಿಹೋಗಿತ್ತು. ಎರಡು ಕಂಬದ ಬುಡದಲ್ಲಿ ಒಂದೊಂದು ಗೇಣು ಬಿಳಿ ಉಳಿದಿತ್ತು, ನಡುವೆ ಬರೀ ಕೆಮ್ಮಣ್ಣು. ರೆಫ್ರಿ ಬಾಕ್ಸ್‌ನ ಆಚೆ ಇದ್ದರು, ಓಡಿ ಬಂದು ಗೋಲ್ ಕೊಟ್ಟರು. ಹತ್ತು ನಿಮಿಷಕ್ಕೆ ಒಬ್ಬ ಹುಡುಗ ಮೊಬೈಲ್ ಹಿಡಿದುಕೊಂಡು ಬಂದು "ಅಣ್ಣ, ಇದು ಗೋಲೇ ಅಲ್ಲ" ಅಂದ. ಅಲ್ಲಿಂದ ಶುರುವಾಯಿತು. ಸೋತ ತಂಡದವರು ಬಹುಮಾನ ಕೊಡುವ ಹೊತ್ತಿಗೆ ಮೈದಾನದಲ್ಲೇ ಇರಲಿಲ್ಲ. ಆ ರೆಫ್ರಿ ವಯಸ್ಸಾದವರು, ನಮ್ಮ ಮಾತಿಗೆ ಬೆಲೆ ಕೊಟ್ಟು ಒಂದು ರೂಪಾಯಿ ತಗೊಳ್ಳದೆ ಬಂದವರು. ಅವರನ್ನು ಬಾಯಿಗೆ ಬಂದ ಹಾಗೆ ಬೈದರು. ನನಗೆ ಜಾಸ್ತಿ ನೋವಾಗಿರೋದು ಅದಕ್ಕೆ.

ಆ ವಿಡಿಯೊ ನನ್ನ ಹತ್ತಿರ ಇದೆ. ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಜೂಮ್ ಮಾಡಿದರೆ ಚೆಂಡು ಮಸುಕು ಮಸುಕಾಗಿ ಕಾಣುತ್ತೆ, ಅದರ ಮುಂದೆ ಕೀಪರ್ ಮೊಣಕೈ. ಒಂದು ಸಲ ಒಳಗೆ ಅನ್ನಿಸುತ್ತೆ, ಇನ್ನೊಂದು ಸಲ ಇಲ್ಲ ಅನ್ನಿಸುತ್ತೆ.

ಈಗ ನಮ್ಮ ಹುಡುಗರು ಮುಂದಿನ ವರ್ಷದಿಂದ ಎರಡೂ ಗೋಲ್ ಹಿಂದೆ ಮೊಬೈಲ್ ಸ್ಟ್ಯಾಂಡ್ ಇಟ್ಟು ವಿಎಆರ್ (ವಿಡಿಯೊ ನೋಡಿ ರೆಫ್ರಿ ತಪ್ಪು ತಿದ್ದುವ ವ್ಯವಸ್ಥೆ) ಥರ ಮಾಡೋಣ ಅಂತಿದ್ದಾರೆ. ಟಿವಿಯಲ್ಲಿ ಅಷ್ಟೆಲ್ಲ ಕ್ಯಾಮೆರಾ ಇಟ್ಟುಕೊಂಡೂ ಜಗಳ ನಿಂತಿಲ್ಲ, ನಾವು ಮಾಡಿದರೆ ನಿಲ್ಲುತ್ತಾ? ಆಡಿದವರು, ಆಡಿಸಿದವರು ದಯವಿಟ್ಟು ಹೇಳಿ.

ಹಳೇ ಲೈನ್ಸ್‌ಮನ್, ಮೈಸೂರು

ಮೊದಲು ಆ ಹಿರಿಯರಿಗೆ ಒಂದು ಫೋನ್ ಮಾಡಿ ಮಾತಾಡಿ. ಅವರಿಗೂ ನಿದ್ದೆ ಬಂದಿರೋದಿಲ್ಲ. ನಾನು ಹದಿನೆಂಟು ವರ್ಷ ಬಾವುಟ ಹಿಡಿದವನು, ಗೊತ್ತು.

ನಿಮ್ಮ ಹುಡುಗರು ಎರಡು ಬೇರೆ ಬೇರೆ ವಿಷಯವನ್ನು ಒಂದು ಮಾಡಿಕೊಂಡಿದ್ದಾರೆ. ಚೆಂಡು ಗೆರೆ ದಾಟಿತಾ ಅನ್ನೋದನ್ನು ನೋಡುವುದು ಗೋಲ್‌ಲೈನ್ ತಂತ್ರಜ್ಞಾನ. ಅದು ವಿಎಆರ್‌ಗಿಂತ ಮೊದಲೇ ಬಂತು. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡ್‌ನ ಲ್ಯಾಂಪಾರ್ಡ್ ಹೊಡೆದ ಚೆಂಡು ನಿಮ್ಮ ಫೈನಲ್‌ನಲ್ಲಿ ಆದ ಹಾಗೇ ಬಾರ್‌ಗೆ ಬಡಿದು ಕೆಳಗೆ ಬಿತ್ತು. ಗೆರೆಯಿಂದ ಚೆನ್ನಾಗಿ ಒಳಗೇ ಬಿದ್ದಿತ್ತು, ಟಿವಿ ನೋಡಿದ ಎಲ್ಲರಿಗೂ ಕಂಡಿತ್ತು, ರೆಫ್ರಿ ಮತ್ತು ಲೈನ್ಸ್‌ಮನ್‌ಗೆ ಮಾತ್ರ ಕಾಣಲಿಲ್ಲ. ಆ ಗಲಾಟೆ ಆದ ಮೇಲೇ 2012ರಲ್ಲಿ ಒಪ್ಪಿಗೆ ಸಿಕ್ಕಿದ್ದು, 2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ಬಳಸಿದರು. ಒಂದೊಂದು ಗೋಲಿಗೆ ಏಳೇಳು ಕ್ಯಾಮೆರಾ. ಚೆಂಡು ಪೂರ್ತಿ ದಾಟಿದರೆ ಒಂದು ಸೆಕೆಂಡಿನೊಳಗೆ ರೆಫ್ರಿ ಕೈಗಡಿಯಾರಕ್ಕೆ ಸೂಚನೆ ಬರುತ್ತೆ. ಅದರ ಬಗ್ಗೆ ಜಗಳ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಯಾಕೆಂದರೆ ಅಲ್ಲಿ ಉತ್ತರ ಒಳಗೆ ಅಥವಾ ಹೊರಗೆ, ಅಷ್ಟೇ.

ವಿಎಆರ್ ಬೇರೆ. 2018ರ ಮಾರ್ಚ್‌ನಲ್ಲಿ ನಿಯಮದ ಪುಸ್ತಕಕ್ಕೆ ಸೇರಿತು, ಅದೇ ವರ್ಷ ರಷ್ಯಾ ವಿಶ್ವಕಪ್‌ನಲ್ಲಿ ಬಂತು. ಆಗ ನೋಡುತ್ತಿದ್ದದ್ದು ನಾಲ್ಕೇ ವಿಷಯ: ಗೋಲ್, ಪೆನಾಲ್ಟಿ, ನೇರ ರೆಡ್ ಕಾರ್ಡ್, ಕಾರ್ಡ್ ತಪ್ಪು ಆಟಗಾರನಿಗೆ ಹೋಯಿತಾ ಅನ್ನೋದು. ಅದರಲ್ಲೂ ತಪ್ಪು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ ಇದ್ದರೆ ಮಾತ್ರ ಕೈ ಹಾಕಬೇಕು. ಜಗಳ ಹುಟ್ಟೋದು ಇಲ್ಲೇ. ತಳ್ಳಿದ್ದು ಜೋರಾಗಿತ್ತಾ, ಕೈ ಸಹಜವಾಗಿ ಇತ್ತಾ, ಇದಕ್ಕೆ ಕ್ಯಾಮೆರಾ ಉತ್ತರ ಕೊಡೋದಿಲ್ಲ. ನಿಧಾನ ಮಾಡಿ ತೋರಿಸಿದರೆ ಎಲ್ಲಾ ಫೌಲೂ ಭಯಂಕರವಾಗಿಯೇ ಕಾಣುತ್ತೆ.

ಇನ್ನು ನಿಮ್ಮ ಸ್ಟ್ಯಾಂಡ್ ವಿಷಯ. ಗೋಲ್ ಹಿಂದೆ ಇಡಬೇಡಿ. ಗೆರೆಗೆ ನೇರವಾಗಿ, ಎರಡೂ ಕಂಬ ಒಂದರ ಹಿಂದೆ ಒಂದು ಮುಚ್ಚಿಹೋಗೋ ಹಾಗೆ ಪಕ್ಕದಲ್ಲಿ ನಿಂತರೆ ಮಾತ್ರ ಸರಿಯಾಗಿ ಕಾಣೋದು. ಒಂದು ಮಾರು ಆಚೀಚೆ ಆದರೂ ಕಣ್ಣು ಮೋಸ ಹೋಗುತ್ತೆ. 2022ರ ವಿಶ್ವಕಪ್‌ನ ಜಪಾನ್-ಸ್ಪೇನ್ ಪಂದ್ಯ ನೆನಪು ಮಾಡಿಕೊಳ್ಳಿ. ಮಿತೋಮ ಎಳೆದು ಒಳಗೆ ಹಾಕಿದ ಚೆಂಡು ಟಿವಿಯ ಒಂದು ಕೋನದಲ್ಲಿ ಪೂರ್ತಿ ಹೊರಗಿತ್ತು. ಮೇಲಿಂದ ನೋಡಿದರೆ ಚೆಂಡಿನ ಉಬ್ಬು ಕೂದಲೆಳೆಯಷ್ಟು ಗೆರೆಯ ಮೇಲೆ ಇತ್ತು. ಗೋಲ್ ಉಳಿಯಿತು, ಜಪಾನ್ ಗೆದ್ದಿತು, ಅದೇ ಗುಂಪಿನಲ್ಲಿದ್ದ ಜರ್ಮನಿ ಮನೆಗೆ ಹೋಯಿತು.

ಎಡಗಾಲಿನ ಹುಡುಗಿ

ಸರ್ ಹೇಳಿದ್ದು ಸರಿ. ಆದರೆ "ಜಗಳ ನಿಲ್ಲಲ್ಲ, ಹಾಗಾಗಿ ವಿಡಿಯೊ ಬೇಡ" ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ.

2024ರ ಜೂನ್ 11. ದೋಹಾದಲ್ಲಿ ಕತಾರ್ ವಿರುದ್ಧ ಭಾರತದ ವಿಶ್ವಕಪ್ ಅರ್ಹತಾ ಪಂದ್ಯ. ನಾಯಕ ಸುನಿಲ್ ಛೆಟ್ರಿ ವಿದಾಯದ ಪಂದ್ಯ ಆಡಿ ಐದೇ ದಿನ ಆಗಿತ್ತು. ಛಾಂಗ್ಟೆ ಗೋಲ್ ಹೊಡೆದಿದ್ದರು, ನಾವು 1-0 ಮುಂದಿದ್ದೆವು. 73ನೇ ನಿಮಿಷ, ನಮ್ಮ ಕೀಪರ್ ಗುರ್‌ಪ್ರೀತ್ ತಡೆದ ಚೆಂಡು ಗೋಲ್ ಪಕ್ಕದ ಗೆರೆ ದಾಟಿ ಹೊರಗೆ ಹೋಯಿತು. ನಮ್ಮವರು ಕಾರ್ನರ್ ಅಂದುಕೊಂಡು ನಿಂತರು. ಕತಾರ್ ಆಟಗಾರ ಹೊರಗಿದ್ದ ಚೆಂಡನ್ನು ಕಾಲಲ್ಲಿ ಎಳೆದು ಒಳಗೆ ತಂದ, ಇನ್ನೊಬ್ಬ ಹೊಡೆದ, ರೆಫ್ರಿ ಗೋಲ್ ಕೊಟ್ಟರು. ಆಮೇಲೆ 2-1 ಸೋತೆವು. ಮೂರನೇ ಸುತ್ತಿಗೆ ಹೋಗುವ ಅವಕಾಶ ಅಲ್ಲಿಗೆ ಮುಗಿಯಿತು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. ಮೈಸೂರಿನ ನಮ್ಮ ರೂಮಿನಲ್ಲಿ ಆರು ಜನ ಹುಡುಗಿಯರು ಒಂದು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು, ಆ ರಾತ್ರಿ ಯಾರೂ ಊಟ ಮಾಡಲಿಲ್ಲ.

ಇದು ಅಭಿಪ್ರಾಯದ ಪ್ರಶ್ನೆಯಾ? ಅಲ್ಲ. ಚೆಂಡು ಹೊರಗಿತ್ತು, ಅಷ್ಟೇ. ಒಂದು ಕ್ಯಾಮೆರಾ, ಹತ್ತು ಸೆಕೆಂಡು ಸಾಕಿತ್ತು.

ನನ್ನದೂ ಒಂದು ಹೇಳುತ್ತೇನೆ. ಕಾಲೇಜು ಪಂದ್ಯವೊಂದರಲ್ಲಿ ಬಾಕ್ಸ್ ಒಳಗೆ ನನ್ನ ಜೆರ್ಸಿ ಹಿಡಿದು ಎಳೆದರು, ತೋಳು ಹರಿದುಹೋಯಿತು. ಹರಿದ ತೋಳನ್ನು ರೆಫ್ರಿಗೆ ತೋರಿಸಿದೆ. "ನಾನು ನೋಡಿಲ್ಲಮ್ಮ, ನೋಡದೇ ಇರೋದನ್ನ ಹೆಂಗೆ ಕೊಡಲಿ" ಅಂದರು. ಅವರು ಸುಳ್ಳು ಹೇಳಲಿಲ್ಲ, ಅದಕ್ಕೆ ಅವರ ಮೇಲೆ ಕೋಪ ಇಲ್ಲ. ಆದರೆ ಅವರಿಗೆ ನೋಡೋಕೆ ಇನ್ನೊಂದು ಅವಕಾಶ ಸಿಗಬೇಕಿತ್ತು ಅಲ್ವಾ?

ಕಂಠೀರವ ಪಶ್ಚಿಮ ಗ್ಯಾಲರಿ

ನಾನು ಮದ್ದೂರಿನವನು, ಬೆಂಗಳೂರು ಎಫ್‌ಸಿ ಪಂದ್ಯ ಇದ್ದರೆ ರೈಲು ಹತ್ತಿ ಹೋಗುವವನು. 2023ರ ಮಾರ್ಚ್ 3ರಂದು ಕಂಠೀರವದಲ್ಲೇ ಇದ್ದೆ. ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್, ಹೆಚ್ಚುವರಿ ಸಮಯ, 96ನೇ ನಿಮಿಷ. ಫ್ರೀ ಕಿಕ್ ಸಿಕ್ಕಿತು, ಅವರು ಗೋಡೆ ಕಟ್ಟುತ್ತಾ ಇದ್ದಾರೆ, ಕೀಪರ್ ಇನ್ನೂ ಜಾಗ ಹಿಡಿದಿಲ್ಲ, ಛೆಟ್ರಿ ಚೆಂಡನ್ನು ಹಾಗೇ ಮೆಲ್ಲಗೆ ಒಳಗೆ ಕಳಿಸಿಬಿಟ್ಟರು. ರೆಫ್ರಿ ಗೋಲ್ ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಆಮೇಲೆ ಆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯದ ನಿಷೇಧ.

ಅವತ್ತೂ ಎಲ್ಲರೂ "ವಿಎಆರ್ ಇದ್ದಿದ್ದರೆ" ಅಂದರು. ಇದ್ದಿದ್ದರೆ ಏನಾಗುತ್ತಿತ್ತು? ಚೆಂಡು ಒಳಗೆ ಹೋಗಿದ್ದು ಎಲ್ಲರಿಗೂ ಕಂಡಿತ್ತು. ಜಗಳ ಇದ್ದಿದ್ದು ಒದೆಯೋಕೆ ರೆಫ್ರಿ ಹೂಂ ಅಂದಿದ್ದರಾ, ಸೀಟಿಗೆ ಕಾಯಬೇಕಿತ್ತಾ ಅನ್ನೋದಕ್ಕೆ. ಅದನ್ನು ಯಾವ ಕ್ಯಾಮೆರಾ ಬಗೆಹರಿಸುತ್ತೆ?

ನನ್ನ ಸಂಕಟ ಬೇರೆ. ಗೋಲ್ ಆದ ತಕ್ಷಣ ಪಕ್ಕದಲ್ಲಿರೋ ಗುರುತು ಪರಿಚಯ ಇಲ್ಲದವನನ್ನು ತಬ್ಬಿಕೊಳ್ಳುತ್ತೇನಲ್ಲ, ಆ ಒಂದು ಕ್ಷಣಕ್ಕೇ ನಾನು ರೈಲು ಹತ್ತೋದು. ಇಂಗ್ಲೆಂಡ್ ಪಂದ್ಯ ನೋಡಿ, ಗೋಲ್ ಹೊಡೆದವನೇ ಅರ್ಧ ಖುಷಿ ಪಟ್ಟು ರೆಫ್ರಿ ಕಿವಿ ಕಡೆ ನೋಡುತ್ತಾನೆ. ಎರಡು ನಿಮಿಷ ಆದ ಮೇಲೆ ಗೋಲ್ ಅಂದರೆ ಆ ಖುಷಿ ವಾಪಸ್ ಬರುತ್ತಾ? ಸ್ವೀಡನ್ ಕ್ಲಬ್‌ಗಳು ಇದಕ್ಕೇ ವಿಎಆರ್ ಬೇಡ ಅಂದವು, ಅಲ್ಲಿ ಅಭಿಮಾನಿಗಳ ಮಾತಿಗೆ ಬೆಲೆ ಇದೆ. ಇಂಗ್ಲೆಂಡಿನಲ್ಲಿ 2024ರಲ್ಲಿ ವುಲ್ವ್ಸ್ ಕ್ಲಬ್ ತೆಗೆದುಹಾಕೋಣ ಅಂತ ಮತಕ್ಕೆ ಹಾಕಿಸಿತು. 19 ಕ್ಲಬ್ ಇರಲಿ ಅಂದವು, ಬೇಡ ಅಂದಿದ್ದು ವುಲ್ವ್ಸ್ ಒಂದೇ.

ಮಂಡ್ಯದಲ್ಲಿ ಇರುವುದು ಅದೊಂದೇ ಖುಷಿ. ಅದನ್ನೂ ಮೊಬೈಲ್ ಸ್ಕ್ರೀನ್‌ಗೆ ಕೊಟ್ಟುಬಿಡಬೇಡಿ ಅಣ್ಣ.

ಎಡಗಾಲಿನ ಹುಡುಗಿ

@ಕಂಠೀರವ ಅಣ್ಣ, ಗ್ಯಾಲರಿಯವರ ಖುಷಿ ದೊಡ್ಡದೇ. ಆದರೆ ಸೋತವರು ಬಸ್ಸಿನಲ್ಲಿ ವಾಪಸ್ ಬರುತ್ತಾರಲ್ಲ, ಅವರ ಕಡೆಯೂ ಒಂದು ಸಲ ನೋಡಿ.

ಗಂಗೋತ್ರಿ ಆಫ್ ಸ್ಪಿನ್

ನಾನು ಕ್ರಿಕೆಟ್‌ನವನು, ಆದರೂ ಒಂದು ಮಾತು. ಜಾವಗಲ್ ಶ್ರೀನಾಥ್ ಅವರ ಊರಿನವರು ನಾವು, ಮ್ಯಾಚ್ ರೆಫ್ರಿ ಅನ್ನೋ ಕೆಲಸದ ಬಗ್ಗೆ ಇಲ್ಲಿ ಮಾತು ಹೊಸದಲ್ಲ. ಅಂಪೈರ್ ತೀರ್ಪನ್ನು ವಿಡಿಯೊದಲ್ಲಿ ಮತ್ತೆ ನೋಡಿ ಅಂತ ಆಟಗಾರ ಕೇಳುವ ಡಿಆರ್‌ಎಸ್ ಮೊದಲು ಪ್ರಯೋಗ ಮಾಡಿದ್ದು 2008ರ ಭಾರತ-ಶ್ರೀಲಂಕಾ ಟೆಸ್ಟ್‌ನಲ್ಲಿ, ಆಗ ನಮ್ಮವರೇ ಅದನ್ನು ಇಷ್ಟಪಡಲಿಲ್ಲ. ಈಗ ಗಲ್ಲಿ ಹುಡುಗರೂ ಕೈಯಲ್ಲಿ ಟಿ ಮಾಡಿ ತೋರಿಸುತ್ತಾರೆ. ಜನ ಒಪ್ಪಿದ್ದಕ್ಕೆ ಎರಡು ಕಾರಣ ಅಂತ ನನ್ನ ಅನಿಸಿಕೆ. ಒಂದು, ಕೇಳುವವನು ಆಟಗಾರ. ರಿವ್ಯೂ ಹಾಳು ಮಾಡಿಕೊಂಡರೆ ಅದು ನಮ್ಮ ನಾಯಕನ ತಪ್ಪು, ಅಂಪೈರ್ ಮೇಲೆ ಕೋಪ ಬರಲ್ಲ. ಇನ್ನೊಂದು, ಅಂಪೈರ್ಸ್ ಕಾಲ್. ಚೆಂಡು ಸ್ಟಂಪ್‌ಗೆ ಸ್ವಲ್ಪವೇ ತಾಗುತ್ತೆ ಅಂತ ಯಂತ್ರ ಹೇಳಿದರೆ ಮೈದಾನದಲ್ಲಿ ಕೊಟ್ಟ ತೀರ್ಪೇ ನಿಲ್ಲುತ್ತೆ. ಫುಟ್‌ಬಾಲ್ ಆಫ್‌ಸೈಡ್‌ನಲ್ಲಿ ಭುಜದ ತುದಿ ಮುಂದಿದ್ದರೂ ಗೋಲ್ ರದ್ದು. ಅದಕ್ಕೇ ಜನಕ್ಕೆ ಕಹಿ.

ಕೋಚ್ ಕೇಳಿದರೆ ಮಾತ್ರ ವಿಡಿಯೊ ನೋಡುವ ಪದ್ಧತಿಯನ್ನು ಫಿಫಾ ಕೂಡ ಪ್ರಯೋಗ ಮಾಡಿದೆ. ಫುಟ್‌ಬಾಲ್ ವಿಡಿಯೊ ಸಪೋರ್ಟ್ ಅಂತ ಹೆಸರು. 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಇತ್ತು. ತಂಡಕ್ಕೆ ಎರಡು ಅವಕಾಶ, ಕೇಳಿದ್ದು ಸರಿ ಇದ್ದರೆ ಅವಕಾಶ ಉಳಿಯುತ್ತೆ. ಬೇರೆ ಕೋಣೆಯಲ್ಲಿ ಕೂರುವ ವಿಡಿಯೊ ರೆಫ್ರಿ ಇಲ್ಲ, ಮೈದಾನದ ರೆಫ್ರಿಯೇ ಹೋಗಿ ಪರದೆ ನೋಡುತ್ತಾರೆ. ಖರ್ಚು ಕಡಿಮೆ. ನಿಮ್ಮಂಥವರಿಗೆ ಇದು ಹತ್ತಿರ ಅನ್ನಿಸುತ್ತೆ.

ಹಳೇ ಲೈನ್ಸ್‌ಮನ್, ಮೈಸೂರು

ಗಂಗೋತ್ರಿಯವರು ಒಳ್ಳೆ ವಿಷಯ ತಂದರು. ಆದರೆ ಎರಡು ಎಚ್ಚರಿಕೆ. ಸಂಘದ ಅಧಿಕೃತ ಪಂದ್ಯ ಆಗಿದ್ದರೆ ನಾವೇ ಕ್ಯಾಮೆರಾ ಇಟ್ಟು ವಿಎಆರ್ ಅನ್ನೋ ಹಾಗಿಲ್ಲ, ಫಿಫಾದ ಲಿಖಿತ ಅನುಮತಿ ಬೇಕು. ನಿಮ್ಮದು ಗೆಳೆಯರ ಟೂರ್ನಿ, ನಿಮ್ಮ ನಿಯಮ ನೀವು ಮಾಡಿಕೊಳ್ಳಬಹುದು. ಆದರೆ ಟಾಸ್‌ಗೆ ಮುಂಚೆ ಎಂಟೂ ನಾಯಕರ ಹತ್ತಿರ ಬರೆಸಿ ಸಹಿ ಹಾಕಿಸಿ.

ಎರಡನೆಯದು, ಆಟ ಮತ್ತೆ ಶುರುವಾದ ಮೇಲೆ ಹಿಂದಕ್ಕೆ ಹೋಗಬಾರದು. 2023ರ ಸೆಪ್ಟೆಂಬರ್ 30ರ ಟಾಟನ್‌ಹ್ಯಾಮ್-ಲಿವರ್‌ಪೂಲ್ ಪಂದ್ಯ ನೋಡಿ. ಲೂಯಿಸ್ ದಿಯಾಸ್ ಗೋಲ್ ಹೊಡೆದರು, ಲೈನ್ಸ್‌ಮನ್ ಆಫ್‌ಸೈಡ್ ಅಂದರು. ವಿಡಿಯೊ ಕೋಣೆಯಲ್ಲಿದ್ದವರು ನೋಡಿದರೆ ಆಫ್‌ಸೈಡ್ ಇಲ್ಲವೇ ಇಲ್ಲ. ಆದರೆ ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಅಂತಲೇ ತಿಳಿದುಕೊಂಡು "ಸರಿ ಇದೆ" ಅಂದುಬಿಟ್ಟರು. ಫ್ರೀ ಕಿಕ್ ಒದ್ದರು, ಆಟ ಶುರುವಾಯಿತು. ಕೆಲವೇ ಸೆಕೆಂಡಿಗೆ ತಪ್ಪು ಗೊತ್ತಾಯಿತು, ಆದರೆ ನಿಯಮದ ಪ್ರಕಾರ ಏನೂ ಮಾಡುವ ಹಾಗಿರಲಿಲ್ಲ. ಕ್ಯಾಮೆರಾ ಸರಿ ಇತ್ತು, ಗೆರೆ ಸರಿ ಇತ್ತು, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆಗಿರಲಿಲ್ಲ, ಅಷ್ಟೇ.

ನಿಮ್ಮ ಫೈನಲ್‌ನಲ್ಲಿ ಹತ್ತು ನಿಮಿಷ ಆದ ಮೇಲೆ ಬಂದ ಮೊಬೈಲ್‌ಗೆ ಬೆಲೆ ಕೊಡಲಿಲ್ಲವಲ್ಲ, ರೆಫ್ರಿ ಮಾಡಿದ್ದು ಸರಿ.

ಮಂಡ್ಯ ಹಾಫ್‌ಬ್ಯಾಕ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಎಲ್ಲ ಪೋಸ್ಟೂ ಹುಡುಗರಿಗೆ ಓದಿ ಹೇಳಿದೆ. ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಫೌಲ್, ಕೈ, ಆಫ್‌ಸೈಡ್ ಯಾವುದಕ್ಕೂ ವಿಡಿಯೊ ಇಲ್ಲ, ಅದು ರೆಫ್ರಿ ಕಣ್ಣಿಗೇ ಬಿಟ್ಟಿದ್ದು. ಚೆಂಡು ಗೋಲ್ ಗೆರೆ ದಾಟಿತಾ ಅನ್ನೋದಕ್ಕೆ ಮಾತ್ರ ಗೆರೆಗೆ ನೇರವಾಗಿ ಒಂದೊಂದು ಮೊಬೈಲ್. ತಂಡಕ್ಕೆ ಒಂದೇ ಸಲ ಕೇಳುವ ಅವಕಾಶ, ಅದೂ ಆಟ ಮತ್ತೆ ಶುರುವಾಗೋ ಮುಂಚೆ. ರೆಫ್ರಿಯೇ ನೋಡಬೇಕು, ಬೇರೆ ಯಾರೂ ಆ ಸ್ಕ್ರೀನ್ ಹತ್ತಿರ ಬರುವ ಹಾಗಿಲ್ಲ. ಸರಿಯಾಗಿ ಕಾಣದಿದ್ದರೆ ಮೊದಲು ಕೊಟ್ಟ ತೀರ್ಪೇ ಖಾಯಂ.

ಬೆಳಗ್ಗೆ ಆ ಹಿರಿಯರ ಮನೆಗೂ ಹೋಗಿದ್ದೆ. ಕಾಫಿ ಕೊಟ್ಟರು. ವಿಡಿಯೊ ತೋರಿಸಿದೆ. ಕನ್ನಡಕ ಹಾಕಿಕೊಂಡು ನಾಲ್ಕು ಸಲ ನೋಡಿದರು, ಆಮೇಲೆ ಮೊಬೈಲ್ ವಾಪಸ್ ಕೊಟ್ಟು "ಇದ್ರಲ್ಲಿ ಗೆರೆನೇ ಕಾಣಲ್ಲವಲ್ಲಪ್ಪ" ಅಂದರು.

ಹಳೇ ಲೈನ್ಸ್‌ಮನ್, ಮೈಸೂರು

ಅವರು ಹೇಳಿದ್ದೇ ಸರಿ. ಅರ್ಧ ಆಟಕ್ಕೆ ಒಂದು ಸಲ ಸುಣ್ಣ ಮತ್ತೆ ಹಾಕಿಸಿ, ಕಂಬದಿಂದ ಕಂಬಕ್ಕೆ ದಾರ ಕಟ್ಟಿ ಎಳೆಯಿರಿ, ಕೈ ಅಂದಾಜು ಬೇಡ. ಗೆರೆ ಕಂಬದಷ್ಟೇ ಅಗಲ ಇರಬೇಕು. ಮುಂದಿನ ವರ್ಷದ ದಿನಾಂಕ ಗೊತ್ತಾದ ಕೂಡಲೇ ತಿಳಿಸಿ, ನಾನು ಮೈಸೂರಿಂದ ಬೆಳಗಿನ ರೈಲಿಗೆ ಬರುತ್ತೇನೆ. ಬಾವುಟ ನನ್ನ ಹತ್ತಿರವೇ ಎರಡು ಇವೆ.