ಅಪ್‌ಡೇಟ್: ಹಾಲು ಕುಡಿಯುವಾಗ ಬೆವರುತ್ತಿದ್ದ ಮಗುವಿನ ತೊಂದರೆ ಹೃದಯದ್ದೇ ಆಗಿತ್ತು

ಮಂಡ್ಯದಲ್ಲಿರುವ ನನ್ನ ತಂಗಿಯ ಮೂರು ತಿಂಗಳ ಮಗು, ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಹಣೆಯೆಲ್ಲ ಬೆವರಿ, ಬಿಳಿಚಿಕೊಂಡು ಚೀರುತ್ತದೆ, ಕಾರಣವೇನಿರಬಹುದು ಎಂದು ಈ ಮೊದಲು ಇಲ್ಲಿ ಕೇಳಿದ್ದೆ. ಹೊಟ್ಟೆನೋವಿನ ಹನಿ, ತೇಗು ಬರಿಸುವುದು, ಬಜೆ ತೇಯ್ದು ನೆಕ್ಕಿಸುವುದು ಯಾವುದರಿಂದಲೂ ಉಪಯೋಗವಾಗಲಿಲ್ಲ. ಹಾಲು ಕುಡಿಯುವಾಗಲೇ ಬೆವರುವ ಮಗುವಿಗೆ ತಪ್ಪದೆ ಇಸಿಜಿ ಮಾಡಿಸಿ ಎಂದು ಅದಕ್ಕೆ ಉತ್ತರವಾಗಿ ಬರೆದಿದ್ದ ನರ್ಸ್ ಅಕ್ಕನವರ ಮಾತೇ ನಿಜವಾಯಿತು. ಅವರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರಗಳು.

ಇಸಿಜಿಯಲ್ಲಿ ಹೃದಯದ ಎಡಭಾಗವನ್ನು ತೋರಿಸುವ ಲೀಡ್‌ಗಳಲ್ಲಿ ಆಳವಾದ ಕ್ಯೂ ಅಲೆಗಳಿದ್ದವು, ಅಂದರೆ ಹೃದಯದ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ ಎಂಬುದರ ಸುಳಿವು. ಮೊದಲು ತೋರಿಸಿದ ಕಡೆ ಹೃದಯದ ಸ್ನಾಯು ದುರ್ಬಲವಾಗಿದೆ ಎಂದಷ್ಟೇ ಹೇಳಿದ್ದರು. ಮೈಸೂರಿನಲ್ಲಿ ಮಕ್ಕಳ ಹೃದ್ರೋಗ ತಜ್ಞರು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕೊರೊನರಿ ರಕ್ತನಾಳಗಳ ಮೂಲವನ್ನೇ ಹುಡುಕಿ ನೋಡಿದಾಗ, ಎಡ ಕೊರೊನರಿಯು ಮಹಾಪಧಮನಿಯಿಂದ ಹೊರಡುವ ಬದಲು ಶ್ವಾಸಕೋಶದ ಅಪಧಮನಿಯಿಂದ ಹುಟ್ಟಿರುವುದು ಕಂಡಿತು. ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋ ಸ್ಕ್ಯಾನ್ ಅದನ್ನೇ ಖಚಿತಪಡಿಸಿತು. ಸುಮಾರು 3 ಲಕ್ಷ ಶಿಶುಗಳಲ್ಲಿ ಒಂದಕ್ಕೆ ಬರುವ ಈ ದೋಷವನ್ನು ಅಲ್ಕಾಪಾ (ALCAPA) ಎನ್ನುತ್ತಾರೆ.

ಹುಟ್ಟಿದಾಗ ಚೆನ್ನಾಗಿದ್ದ ಮಗುವಿಗೆ ಆಮೇಲೆ ಹೀಗಾಯಿತೇಕೆ ಎಂಬುದು ನಮ್ಮನ್ನು ಬಹಳ ಕಾಡಿತ್ತು. ಜನಿಸಿದ ಹೊಸದರಲ್ಲಿ ಶ್ವಾಸಕೋಶದ ಅಪಧಮನಿಯ ಒತ್ತಡ ಹೆಚ್ಚಿರುವುದರಿಂದ ಅಲ್ಲಿಂದ ಹುಟ್ಟಿದ ಕೊರೊನರಿಯಲ್ಲೂ ರಕ್ತ ಸರಿಯಾಗಿಯೇ ಹರಿಯುತ್ತದೆ. ಕೆಲವು ವಾರಗಳಲ್ಲಿ ಆ ಒತ್ತಡ ಇಳಿದಾಗ ಹರಿವು ಹಿಮ್ಮುಖವಾಗಿ, ಹೃದಯದ ಸ್ನಾಯುವಿಗೇ ಆಮ್ಲಜನಕ ಸಾಲದಾಗುತ್ತದೆ. ಆದ್ದರಿಂದ ಹುಟ್ಟಿದಾಗಿನ ತಪಾಸಣೆ ಸರಿಯಿತ್ತೆಂದು ಯಾರೂ ಸುಮ್ಮನಿರಬಾರದು.

ಶಸ್ತ್ರಚಿಕಿತ್ಸೆಯಲ್ಲಿ ಆ ನಾಳವನ್ನು ಮಹಾಪಧಮನಿಗೆ ಸೇರಿಸಿದ್ದಾರೆ. ಮಗು ಈಗ ಬೆವರದೆ ಹಾಲು ಕುಡಿಯುತ್ತಿದೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಸೋರಿಕೆ ಇನ್ನೂ ಸ್ವಲ್ಪ ಇದ್ದು, ಸ್ನಾಯು ಚೇತರಿಸಿಕೊಂಡಂತೆ ಕಡಿಮೆಯಾಗಬಹುದೆಂದು ಹೇಳಿ ಮುಂದಿನ ಎಕೋಗೆ ಬರಲು ತಿಳಿಸಿದ್ದಾರೆ.